ಪಿನ್ನಣ್ಣನ ಪಾಲು

ಇನ್ನೊಬ್ಬರ ಮನೆಯ ಪಾತ್ರೆಯ ಮುಚ್ಚಳ ತೆಗೆದು ನೋಡುವ ಬುದ್ಧಿ ನನ್ನದು ಎಂದು ನನ್ನ ಅತ್ತೆ ನಾನು ಮದುವೆಯಾಗಿ ಬಂದ ವಾರದಲ್ಲೇ ಕಂಡುಹಿಡಿದಿದ್ದರು. ಇಪ್ಪತ್ತು ವರ್ಷ ಆ ಬುದ್ಧಿಗಾಗಿ ಬೈಸಿಕೊಂಡ ಮೇಲೆ ಸರ್ಕಾರ ಅದಕ್ಕೇ ಸಂಬಳ ಕೊಡುತ್ತೇನೆ ಅಂದಿತು. ಮೂರು ತಿಂಗಳ ಮಟ್ಟಿಗೆ ಗಣತಿಯ ಕೆಲಸ. ಕೊರಳಿಗೊಂದು ಗುರುತಿನ ಚೀಟಿ, ಕೈಗೊಂದು ಟ್ಯಾಬು, ಅದರೊಳಗೆ ನಲವತ್ತೆರಡು ಪ್ರಶ್ನೆ. ಮನೆಮನೆಗೆ ಹೋಗಿ ನೀವು ಏನು ಉಣ್ಣುತ್ತೀರಿ, ಅದು ಎಲ್ಲಿಂದ ಬರುತ್ತದೆ ಎಂದು ಕೇಳುವುದು. ಅತ್ತೆ ಒಳಗೆ ಹೋಗಿ ತಮ್ಮ ಪಾತ್ರೆಗಳ ಮುಚ್ಚಳ ಭದ್ರಮಾಡಿದರು.

ನಮ್ಮ ಮೇಲ್ವಿಚಾರಕರು ಮೊದಲ ದಿನವೇ ವಿಷಯ ಬಿಡಿಸಿ ಹೇಳಿದರು. "ಈ ವಾರ್ಡಲ್ಲಿ ಆದಾಯ ಕಡಿಮೆ ಇರೋ ಮನೆ ಹತ್ತಿದ್ರೆ, ಅದರಲ್ಲಿ ಆರು ಮಾತ್ರ ಸರ್ಕಾರದ ಧಾನ್ಯ ತಗೋತಿವೆ. ಮಿಕ್ಕ ನಾಲ್ಕು ಮನೆಯವರು ಯಾಕೆ ತಗೋತಿಲ್ಲ? ಅದನ್ನ ತಿಳ್ಕೊಂಡು ಬನ್ನಿ. ಕಥೆ ಕೇಳ್ತಾ ಕೂರ್ಬೇಡಿ, ಉತ್ತರ ಒತ್ತಿ, ಮುಂದಿನ ಮನೆಗೆ ಹೋಗಿ." ಕಥೆ ಕೇಳಬೇಡ ಎಂದು ನನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಬಡವರಾದ ಮೇಲೆ ಸರ್ಕಾರ ಕೊಡುತ್ತದೆ, ಕೊಟ್ಟ ಮೇಲೆ ತಗೊಳ್ಳುತ್ತಾರೆ, ಇದರಲ್ಲಿ ಕೇಳುವುದೇನಿದೆ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ವಾರದಲ್ಲೇ ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಮೂಲೆಮನೆಯ ಅಜ್ಜಿ ಒಬ್ಬಳೇ ಇರುವವಳು, ಕಾರ್ಡು ಮಾಡಿಸಿಲ್ಲ. "ಒಂದು ಹೊಟ್ಟೆಗೋಸ್ಕರ ಅರ್ಧ ದಿನ ಸಾಲಲ್ಲಿ ನಿಲ್ಲಲಾ? ಆಮೇಲೆ ಈ ಮೊಣಕಾಲಿಗೆ ನೀನು ಎಣ್ಣೆ ತಿಕ್ಕೋಕೆ ಬರ್ತೀಯಾ?" ಎಂದು ನನ್ನನ್ನೇ ತಿರುಗಿಸಿ ಕೇಳಿದಳು. ಕಾರ್ಖಾನೆಯ ಗೇಟಿನಲ್ಲಿ ಕೂರುವವನಿಗೆ ಎರಡು ಪಾಳಿ ಸಿಕ್ಕಿದ ತಿಂಗಳು ಆದಾಯ ಮಿತಿ ದಾಟುತ್ತದೆ, ಒಂದೇ ಪಾಳಿಯ ತಿಂಗಳು ಕೆಳಗಿಳಿಯುತ್ತದೆ. ಅವನು ಅರ್ಜಿ ಹಾಕುವ ಹೊತ್ತಿಗೆ ಸಾಹುಕಾರ, ತಿರಸ್ಕಾರದ ಕಾಗದ ಬರುವ ಹೊತ್ತಿಗೆ ಮತ್ತೆ ಬಡವ. ಇನ್ನು ಬಟ್ಟೆ ಹೊಲಿಯುವ ಹೆಂಗಸಂತೂ ಒಂದೇ ಕೋಣೆಯಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು, ಗಿರಾಕಿಗಳ ಮಿಕ್ಕ ತುಂಡುಗಳಲ್ಲೇ ಆ ಮಕ್ಕಳಿಗೆ ಅಂಗಿ ಹೊಲಿಯುತ್ತಾ, "ಅದೆಲ್ಲ ಬಡವರಿಗೆ ಅಲ್ವಾ ಮೇಡಂ? ನಮಗ್ಯಾಕೆ?" ಅಂದಳು. ಧಾನ್ಯ ಬರುತ್ತಿದ್ದ ಮನೆಗಳಲ್ಲಿ ಒಂದು ಸಂಗತಿ ಮಾತ್ರ ಎದ್ದು ಕಾಣುತ್ತಿತ್ತು. ಅಲ್ಲೆಲ್ಲ ಕಚೇರಿಗೆ ನಾಲ್ಕು ಸಲ ಅಲೆದು, ಐದನೇ ಸಲ ಜಗಳ ತೆಗೆಯಬಲ್ಲ ಒಬ್ಬ ಹೆಂಗಸಿದ್ದಳು. ಅದಕ್ಕೆ ಟ್ಯಾಬಿನಲ್ಲಿ ಒತ್ತುವ ಜಾಗವಿರಲಿಲ್ಲ.

ಹೀಗೆ ಸುತ್ತುತ್ತಾ ಎರಡನೇ ವಾರ ಪಿನ್ನಣ್ಣನ ಕೋಣೆಗೆ ಹೋದೆ.

ಪಿನ್ನಣ್ಣ ಗ್ಯಾಸ್ ಒಲೆ ರಿಪೇರಿಯವನು. ಐವತ್ತರ ಆಸುಪಾಸು. ಬರ್ನರಿನ ಕಟ್ಟಿಕೊಂಡ ತೂತುಗಳನ್ನು ಬಿಡಿಸುವ ಪಿನ್ನನ್ನು ಯಾವಾಗಲೂ ಅಂಗಿಯ ಕಾಲರಿಗೆ ಚುಚ್ಚಿಕೊಂಡಿರುತ್ತಾನಾದ್ದರಿಂದ ಆ ಹೆಸರು. ಬೀದಿಯ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿರುವ ಒಂದೇ ಕೋಣೆಯಲ್ಲಿ ಅವನ ಕೆಲಸ, ಅಲ್ಲೇ ವಾಸ. ಒಂದು ಗೋಡೆಗೆ ಮಡಚುವ ಮಂಚ. ಮಿಕ್ಕ ಮೂರು ಗೋಡೆಯ ಉದ್ದಕ್ಕೂ ಒಲೆಗಳು, ಒಂದರ ಮೇಲೊಂದು. ಕೆಲವಕ್ಕೆ ಕಾಲಿಲ್ಲ, ಕೆಲವಕ್ಕೆ ನಾಬ್ ಇಲ್ಲ, ಒಂದಕ್ಕೆ ಯಾವ ಮಗುವೋ ಬಣ್ಣದ ಚೀಟಿ ಅಂಟಿಸಿತ್ತು. ಒಳಗೆ ಬರುತ್ತಿದ್ದ ಹಾಗೆ ಗ್ರೀಸು, ಸೋಪು, ಅನ್ನ, ಮೂರರ ವಾಸನೆಯೂ ಒಟ್ಟಿಗೇ ಬಂತು.

ಅನ್ನದ ವಾಸನೆ ಎಲ್ಲಿಂದ ಎಂದು ನನ್ನ ಮೂಗು ಹುಡುಕಿತು. ಮೇಜಿನ ಮೇಲೆ ಯಾರದೋ ಎರಡು ಬರ್ನರಿನ ಒಲೆಯಲ್ಲಿ ಒಂದು ಸಣ್ಣ ಪಾತ್ರೆ ಕುದಿಯುತ್ತಿತ್ತು. ಪಕ್ಕದಲ್ಲಿ ಗಡಿಯಾರ.

"ಇದೇನು, ಗಡಿಯಾರ ನೋಡ್ಕೊಂಡು ಅನ್ನ ಮಾಡ್ತೀರಾ?" ಅಂದೆ.

"ಅನ್ನ ಅಲ್ಲ ಮೇಡಂ, ಪರೀಕ್ಷೆ," ಅಂದ. "ಪೈಪಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರಲ್ಲ ಅಂತ ನೋಡ್ಕೊಂಡ್ರೆ ಸೋರ್ತಿಲ್ಲ ಅಂತ ಮಾತ್ರ ಗೊತ್ತಾಗುತ್ತೆ. ಒಲೆ ಬೇಯಿಸುತ್ತಾ ಅಂತ ಗೊತ್ತಾಗ್ಬೇಕಾದ್ರೆ ಬೇಯಿಸ್ಲೇಬೇಕು. ಈ ಪಾತ್ರೆ, ಇಷ್ಟೇ ಅಕ್ಕಿ, ಇಷ್ಟೇ ನೀರು. ಹದಿನಾರು ನಿಮಿಷಕ್ಕೆ ಆಗ್ಬೇಕು. ಹದಿನೆಂಟಾಯ್ತು ಅಂದ್ರೆ ಮತ್ತೆ ಬಿಚ್ತೀನಿ."

"ಬೆಂದಿದ್ದನ್ನ?"

"ತಿಂತೀನಿ. ಇನ್ನೇನು, ಗಿರಾಕಿಗೆ ಕಟ್ಟಿಕೊಡ್ಲಾ?"

ಅವನ ಊಟವೆಲ್ಲ ಹಾಗೆ. ರಿಪೇರಿಗೆ ಒಲೆ ಬಂದ ದಿನ ಅನ್ನ, ಬರದ ದಿನ ಎದುರಿನ ಅಂಗಡಿಯ ಬನ್ನು, ಟೀ. ಮೂರು ಒಲೆ ಬಂದರೆ ಮೂರು ಸಲ ಪರೀಕ್ಷೆ, ಆವತ್ತು ಕೆಳಗಿನ ಓಣಿಯ ಬೆಕ್ಕಿಗೂ ಪಾಲು. ನನಗೆ ಎಷ್ಟು ಖುಷಿಯಾಯಿತೆಂದರೆ ಟ್ಯಾಬು ಮರೆತು ಅವನ ಮುರುಕು ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಆಮೇಲೆ ಸರಸರ ಪ್ರಶ್ನೆ ಶುರುಮಾಡಿದೆ. ಆದಾಯ ಮಿತಿಗಿಂತ ತೀರಾ ಕೆಳಗೆ. ಮದುವೆಯಾಗಿಲ್ಲ. ಸರ್ಕಾರದ ಧಾನ್ಯ ಬರುತ್ತದೆಯೇ? ಇಲ್ಲ. ಅರ್ಜಿ ಹಾಕಿದ್ದೀರಾ? ಇಲ್ಲ. ಯಾಕೆ? "ಬೇಡ ಬಿಡಿ" ಅಂದವನು ಪಿನ್ನು ಕಿತ್ತುಕೊಂಡು ಯಾವುದೋ ಬರ್ನರಿಗೆ ಬಗ್ಗಿದ. ಅಷ್ಟು ಮಾತಾಡಿದ ಮನುಷ್ಯನ ಬಾಯಿಗೆ ಬೀಗ ಬಿದ್ದಂತಾಯಿತು. ಏನೋ ಇದೆ ಎಂದು ನನ್ನ ಮನಸ್ಸು ಹೇಳಿತು. ಸ್ವಾಭಿಮಾನವಿರಬೇಕು, ಕೈಚಾಚಲು ಇಷ್ಟವಿಲ್ಲ ಎಂದು ನಾನೇ ತೀರ್ಮಾನಿಸಿ ಆ ಉತ್ತರ ಒತ್ತಿದೆ. ಇನ್ನೊಬ್ಬರ ಮನಸ್ಸನ್ನು ಇಷ್ಟು ಬೇಗ ಓದಿಬಿಟ್ಟೆ ಎಂಬ ಹೆಮ್ಮೆ ಬೇರೆ.

ಕೊನೆಗೆ ಉಳಿದದ್ದು ಒಂದು ಪ್ರಶ್ನೆ. "ಸ್ವಂತ ಒಲೆ ಇದೆಯೇ?"

ಪಿನ್ನಣ್ಣ ತಲೆ ಎತ್ತಿ ಮೂರೂ ಗೋಡೆ ಒಮ್ಮೆ ನೋಡಿದ. "ಏನ್ ಮೇಡಂ ಹೀಗೆ ಕೇಳ್ತೀರಿ? ಒಲೆ ರಿಪೇರಿಯವನ ಮನೇಲಿ ಒಲೆ ಇಲ್ಲ ಅಂತ ಬರೆಸ್ಲಾ? ಊರೋರು ನಗಲ್ವಾ? ಇದೆ ಅಂತ ಬರ್ಕೊಳ್ಳಿ."

ಬರೆದುಕೊಂಡೆ. ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ಅವನದು ಎಂಬ ಒಲೆ ಒಂದೂ ಇರಲಿಲ್ಲ. ಎಲ್ಲವೂ ಗಿರಾಕಿಗಳವು. ಅದು ನನಗೂ ಗೊತ್ತಿತ್ತು. ಒಂದು ಗುಂಡಿ ಒತ್ತುವುದಕ್ಕೆ ಇಷ್ಟೆಲ್ಲ ವಿಚಾರವೇಕೆ ಎಂದು ಒತ್ತಿಬಿಟ್ಟೆ.

ಅದಾದ ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲಲ್ಲಿ ಪಿನ್ನಣ್ಣ ನಿಂತಿದ್ದ. ಅಂಗಿ ಇಸ್ತ್ರಿಯಾಗಿತ್ತು, ಕಾಲರಿನಲ್ಲಿ ಪಿನ್ನು ಇರಲಿಲ್ಲ. ಅದಿಲ್ಲದೆ ಮನುಷ್ಯ ಯಾರೋ ಬೇರೆಯವನ ಹಾಗೆ ಕಂಡ.

"ಮೇಡಂ, ನನ್ನ ಹೆಸರು ತೆಗೆದುಬಿಟ್ಟಿದ್ದೀರಂತೆ."

"ಯಾವುದರಿಂದ? ನಿಮಗೆ ಕಾರ್ಡೇ ಇಲ್ವಲ್ಲ."

"ಅಣ್ಣನ ಕಾರ್ಡಿಂದ. ಅತ್ತಿಗೆ ಫೋನಿಗೆ ಮೆಸೇಜ್ ಬಂತಂತೆ, ಹೇಳಿ ಕಳಿಸಿದ್ರು."

ನನಗೆ ತಲೆಬುಡ ತಿಳಿಯಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ ಮೇಲ್ವಿಚಾರಕರ ಹತ್ತಿರ ಓಡಿದೆ. ಅವರು ಕಂಪ್ಯೂಟರಿನಲ್ಲಿ ನೋಡಿ ತಣ್ಣಗೆ ಹೇಳಿದರು. ನಿಯಮದ ಪ್ರಕಾರ ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ. ಒಲೆ ಬೇರೆಯಾದರೆ ಮನೆ ಬೇರೆ. ಪಿನ್ನಣ್ಣನಿಗೆ ಸ್ವಂತ ಒಲೆ ಇದೆ ಎಂದು ನಾನು ಒತ್ತಿದ ಕ್ಷಣ ಕಂಪ್ಯೂಟರು ಅವನದು ಬೇರೆ ಮನೆ ಎಂದು ತಿಳಿದು, ಅವನ ಹೆಸರು ಇನ್ನೆಲ್ಲಾದರೂ ಇದೆಯೇ ಎಂದು ಹುಡುಕಿ, ಅವನ ಅಣ್ಣನ ಕಾರ್ಡಿನಲ್ಲಿ ಐದನೇ ಹೆಸರಾಗಿ ಹಿಡಿದು ಸದ್ಯಕ್ಕೆ ತೆಗೆದಿತ್ತು. ಹದಿನೈದು ದಿನದೊಳಗೆ ಆಕ್ಷೇಪಣೆ ಬರದಿದ್ದರೆ ಆ ಹೆಸರು ಶಾಶ್ವತವಾಗಿ ಹೋಗುತ್ತದೆ. ಐದು ಪಾಲು ಬರುತ್ತಿದ್ದ ಮನೆಗೆ ನಾಲ್ಕು ಪಾಲು.

ವಾಪಸು ಬಂದು ಅವನ ಪಕ್ಕ ಕೂತೆ. "ನಿಮ್ಮ ಪಾಲು ಅವರ ಮನೆಗೆ ಹೋಗ್ತಿತ್ತಾ?"

"ಒಂಬತ್ತು ವರ್ಷದಿಂದ."

"ಮತ್ತೆ ನೀವು ಅಲ್ಲಿ ಉಣ್ಣಲ್ವಾ?"

"ಆ ಮನೆ ಅನ್ನ ಮುಟ್ಟಲ್ಲ ಅಂತ ಹೇಳಿ ಎದ್ದು ಬಂದಿದ್ದೀನಿ."

ನಾನು ಕೇಳದೆ ಬಿಡುವವಳೇ? ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಬಂತು. ಅಣ್ಣ ತಮ್ಮ ಇಬ್ಬರೂ ಮೊದಲು ಒಟ್ಟಿಗೇ ಒಲೆ ರಿಪೇರಿ ಮಾಡುತ್ತಿದ್ದವರು. ಕೆಲಸ ಕಲಿಸಿದವನೇ ಅಣ್ಣ. ಒಂದು ದಿನ ರಿಪೇರಿಯಾಗಿ ಹೋದ ಒಲೆಯನ್ನು ಗಿರಾಕಿಯೊಬ್ಬಳು ವಾಪಸು ತಂದು, ನಾಬ್ ಕೈಗೇ ಬಂತು ಎಂದು ನಾಲ್ಕು ಜನರ ಮುಂದೆ ಕೂಗಾಡಿದಳು. ಪಿನ್ನಣ್ಣ, "ಅದು ನನ್ನ ಕೆಲಸ ಅಲ್ಲಮ್ಮ, ಅಣ್ಣ ಮಾಡಿದ್ದು" ಅಂದುಬಿಟ್ಟ. ಅಣ್ಣ ಆಗ ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ, "ನನ್ನ ಮನೆ ಅನ್ನ ತಿಂದು ನಾಲ್ಕು ಜನರೆದುರು ನನ್ನ ಮರ್ಯಾದೆ ತೆಗೀತೀಯಾ?" ಅಂದ. ಪಿನ್ನಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಎದ್ದ. "ಇನ್ನು ಈ ಮನೆ ಅನ್ನ ಮುಟ್ಟಿದ್ರೆ ಕೇಳು" ಅಂದ. ಅಷ್ಟೇ. ಎರಡು ಬೀದಿ ಆಚೆ ಆ ಕೋಣೆ ಹಿಡಿದ. ಅಣ್ಣ ರಿಪೇರಿಯ ಕೆಲಸವನ್ನೇ ಬಿಟ್ಟು ಗೋದಾಮೊಂದಕ್ಕೆ ಕಾವಲಿಗೆ ಸೇರಿದ.

"ಹಾಗಾದ್ರೆ ಕಾರ್ಡಲ್ಲಿ ಹೆಸರು ಯಾಕೆ ಬಿಟ್ಟಿದ್ರಿ?"

"ಅತ್ತಿಗೆಗೆ ಇಬ್ಬರು ಹೆಣ್ಣುಮಕ್ಕಳು ಮೇಡಂ. ನಾನೇ ಅಕ್ಕಿ ಹೊತ್ಕೊಂಡು ಹೋದ್ರೆ ಅಣ್ಣ ಬೀದಿಗೆ ಸುರೀತಾನೆ. ಹೆಸರಾದ್ರೆ ಸುಮ್ನೆ ಕೂತಿರುತ್ತೆ, ಅವನ ಕಣ್ಣಿಗೆ ಬೀಳಲ್ಲ. ಅವನು ಕಾರ್ಡು ಬಿಡಿಸಿ ನೋಡಿದವನೇ ಅಲ್ಲ, ಅದೆಲ್ಲ ಅತ್ತಿಗೆದೇ. ವರ್ಷಕ್ಕೊಂದ್ಸಲ ಹೆಬ್ಬೆಟ್ಟು ಕೊಡ್ಬೇಕಲ್ಲ, ಅವನು ಕೆಲಸಕ್ಕೆ ಹೋದಾಗ ರೇಷನ್ ಅಂಗಡಿ ಹತ್ರ ಹೋಗಿ ಒತ್ತಿ ಬರ್ತೀನಿ. ಅತ್ತಿಗೆ, ಎಲ್ಲ ಚೆನ್ನಾಗಿದ್ದೀವಿ ಅಂತಾರೆ. ನಾನೂ ಹೂಂ ಅಂತೀನಿ."

ಧಾನ್ಯ ಬೇಡವೆನ್ನುವ ಆ ನಾಲ್ಕು ಮನೆಗಳಲ್ಲಿ ಒಂದರ ಉತ್ತರ ನನ್ನ ಪಕ್ಕದಲ್ಲೇ ಕೂತಿತ್ತು. ಕೈಚಾಚಲು ನಾಚಿಕೆ ಎಂದು ನಾನು ಒತ್ತಿದ್ದೆ. ನನಗೆ ನನ್ನ ಮೇಲೇ ರೇಗಿಹೋಯಿತು. ಮೇಲ್ವಿಚಾರಕರ ಮುಂದೆ ಹೋಗಿ ನಿಂತು ಇದನ್ನು ಸರಿಪಡಿಸುವ ದಾರಿ ಹೇಳಿ ಅಂದೆ. ದಾರಿ ಒಂದೇ ಅಂದರು. ನಾನು ಅಣ್ಣನ ಮನೆಗೆ ಹೋಗಬೇಕು, ಮನೆಯ ಯಜಮಾನ ತನ್ನ ಬಾಯಲ್ಲೇ ಇವನು ನಮ್ಮಲ್ಲಿ ಉಣ್ಣುತ್ತಾನೆ ಎಂದು ಹೇಳಬೇಕು, ಅದನ್ನು ನಾನು ಕಣ್ಣಾರೆ ಕಂಡೆ ಎಂದು ಬರೆಯಬೇಕು. "ಸುಮ್ಮನೆ ಬರೆಯೋ ಹಾಗಿಲ್ಲ. ಹತ್ತರಲ್ಲಿ ಒಂದು ಮನೆಗೆ ನಾನೇ ತಪಾಸಣೆಗೆ ಹೋಗ್ತೀನಿ, ಹೇಳದೆ ಕೇಳದೆ" ಅಂದರು.

ಭಾನುವಾರ ಮಧ್ಯಾಹ್ನ ಹೋದೆ. ಅಣ್ಣನಿಗೆ ರಜೆ ಆವತ್ತೇ. ಎರಡು ಕೋಣೆಯ ಮನೆ. ಹೊರಗಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಬ್ಬರು ಒಂದೇ ಪುಸ್ತಕದ ಮೇಲೆ ತಲೆ ಬಗ್ಗಿಸಿ ಓದುತ್ತಿದ್ದರು. ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಮಡಚುವ ಅತ್ತಿಗೆ, ಮನೆಯಲ್ಲೂ ಒಣಗಿದ್ದನ್ನು ಮಡಚುತ್ತಿದ್ದಳು. ನನ್ನ ಕೊರಳಿನ ಚೀಟಿ ನೋಡಿದ್ದೇ ಅವಳ ಕೈ ನಿಂತಿತು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು.

"ಇವರ ಮುಂದೆ ಹೇಳ್ಬೇಡಿ. ಆ ಐದನೇ ಪಾಲಲ್ಲೇ ನಮಗೆ ತಿಂಗಳ ಕೊನೇ ವಾರ ಹೋಗೋದು. ಈ ವರ್ಷ ಇವರ ಪಾಳಿ ಬೇರೆ ಅರ್ಧ ಮಾಡಿದ್ದಾರೆ. ಅದೂ ಹೋದ್ರೆ ಮಕ್ಕಳ ತಟ್ಟೆಯಿಂದಲೇ ಕಡಿಮೆ ಮಾಡ್ಬೇಕು ನಾನು."

"ಯಜಮಾನರೇ ಹೇಳ್ಬೇಕಮ್ಮ. ನಿಯಮ ಹಾಗಿದೆ" ಅಂದೆ. ಹೇಳುವಾಗ ನನ್ನ ನಾಲಿಗೆ ನನಗೇ ಕಹಿಯಾಯಿತು.

ನಾವು ಹೊರಗಿನ ಕೋಣೆಗೆ ಬರುವಷ್ಟರಲ್ಲಿ ಅಣ್ಣ ಒಳಕೋಣೆಯಿಂದ ಬಂದ. ತಮ್ಮನದೇ ಮುಖ, ಆದರೆ ಊದಿಕೊಂಡ ಹಾಗಿತ್ತು. ಕುರ್ಚಿಯಲ್ಲಿ ಕೂತು, "ಕೇಳಿ" ಅಂದ. ನಾನು ಪ್ರಶ್ನೆ ಓದಿದೆ. ಈ ಮನೆಯ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಎಷ್ಟು ಜನ?

"ನಾಲ್ಕು."

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು.

"ಕಾರ್ಡಲ್ಲಿ ಐದು ಹೆಸರಿದೆ" ಅಂದೆ.

"ಐದನೇದು ಯಾರದು?"

ಹೇಳಿದೆ. ಬೇರೆ ದಾರಿ ಇರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಇನ್ನು ಮುಚ್ಚಿಡಲಿಲ್ಲ, ಹೆಬ್ಬೆಟ್ಟಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟಳು. ಹೇಳುತ್ತಾ ಹೇಳುತ್ತಾ ಅವಳ ದನಿ ಗಟ್ಟಿಯಾಯಿತು. "ಒಂಬತ್ತು ವರ್ಷ ಅವನ ಪಾಲು ಉಂಡಿದ್ದೀವಿ ನಾವು. ನೀವೂ ಉಂಡಿದ್ದೀರಿ. ಬೇಕಾದ್ರೆ ನನ್ನ ಮೇಲೆ ಕೂಗಾಡಿ."

ಅಣ್ಣ ಕೂಗಾಡಲಿಲ್ಲ. ಮುಖ ಕೆಂಪಾಯಿತು. "ತೆಗೀರಿ ಆ ಹೆಸರು," ಎಂದ ನನಗೆ. "ನಮ್ಮ ಅನ್ನ ಮುಟ್ಟದವನ ಅಕ್ಕಿ ನಮಗೆ ಬೇಡ."

"ತೆಗೀಬೇಡಿ ಮೇಡಂ," ಎಂದು ಹೊರಗಿನಿಂದ ದನಿ ಬಂತು. ಪಿನ್ನಣ್ಣ. ಬೀದಿಯಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ. ಬಾಗಿಲವರೆಗೆ ಬಂದು ಅಲ್ಲೇ ನಿಂತ.

"ನನ್ನ ಮನೆ ಕಾರ್ಡು, ನಾನು ತೆಗೆಸ್ತೀನಿ" ಎಂದ ಅಣ್ಣ.

"ನನ್ನ ಹೆಸರು, ನಾನು ಇರಿಸ್ತೀನಿ" ಎಂದ ತಮ್ಮ.

"ಭಿಕ್ಷೆ ಹಾಕ್ತೀಯೇನೋ ನನಗೆ?"

"ನಿನಗ್ಯಾರು ಹಾಕಿದ್ರು? ಮಕ್ಕಳಿಗೆ."

ಇಬ್ಬರೂ ಒಂಬತ್ತು ವರ್ಷದಲ್ಲಿ ಆಡಿದ ಮೊದಲ ಮಾತು ಇದು. ಎರಡೂ ಕಡೆಯವರು ನನ್ನ ಕೈಯ ಟ್ಯಾಬನ್ನೇ ನೋಡುತ್ತಿದ್ದರು. ಹೆಣ್ಣುಮಕ್ಕಳು ಪುಸ್ತಕ ಮುಚ್ಚಿದ್ದರು. ನನಗೋ ಹೆದರಿಕೆ ಒಂದು ಕಡೆ, ಮುಂದೇನಾಗುತ್ತದೆ ಎಂದು ನೋಡುವ ಆಸೆ ಇನ್ನೊಂದು ಕಡೆ. ಆಸೆಯ ಬಗ್ಗೆ ನಾಚಿಕೆಯೂ ಆಯಿತು.

ಅಣ್ಣ ಎದ್ದು ನಿಂತು ನನ್ನನ್ನು ಕೇಳಿದ. "ಹೆಸರು ಉಳೀಬೇಕಾದ್ರೆ ಏನು ಮಾಡ್ಬೇಕು?"

"ಇಲ್ಲಿ ಉಣ್ಣಬೇಕು. ನಾನು ನೋಡ್ಬೇಕು. ಆಮೇಲೂ ಉಣ್ತಾ ಇರ್ಬೇಕು. ತಪಾಸಣೆಗೆ ಯಾವಾಗ ಬರ್ತಾರೋ ಗೊತ್ತಿಲ್ಲ."

"ನಾನು ಸುಳ್ಳು ಬರೆಸಲ್ಲ" ಎಂದ ಅಣ್ಣ. ತಮ್ಮನ ಕಡೆ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದ. "ಉಣ್ಣೋದಾದ್ರೆ ಒಳಗೆ ಬರಲಿ. ಇಲ್ಲಾಂದ್ರೆ ಹೆಸರು ಹೋಗಲಿ."

ಆ ದಿನ ತಟ್ಟೆಯ ಮುಂದೆ ಆಡಿದ ಮಾತು ಪಿನ್ನಣ್ಣನಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಪರೀಕ್ಷೆಯ ಅನ್ನ ತಿಂದು, ಬನ್ನು ತಿಂದು, ಅದನ್ನು ಒಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದ. ಮಾತು ಉಳಿದರೆ ಪಾಲು ಹೋಗುತ್ತದೆ, ಪಾಲು ಉಳಿದರೆ ಮಾತು ಹೋಗುತ್ತದೆ. ಅವನು ಹೆಣ್ಣುಮಕ್ಕಳನ್ನು ನೋಡಿದ. ದೊಡ್ಡವಳು, "ಚಿಕ್ಕಪ್ಪ, ಚಪ್ಪಲಿ ಅಲ್ಲೇ ಬಿಡಿ" ಅಂದಳು, ದಿನಾ ಬರುವವನಿಗೆ ಹೇಳುವ ಹಾಗೆ.

ಚಪ್ಪಲಿ ಬಿಟ್ಟು ಒಳಗೆ ಬಂದ.

ಅತ್ತಿಗೆ ಐದು ತಟ್ಟೆ ಹಾಕಿದಳು. ನನಗೂ ಒಂದು ಎಂದಳು. ಲೆಕ್ಕ ತಪ್ಪುತ್ತದೆ ಎಂದು ನಾನು ಬೇಡ ಅಂದೆ. ಅನ್ನ, ಬೇಯಿಸಿದ ಬೇಳೆ, ಸೊಪ್ಪು. ಅಣ್ಣ ತಮ್ಮ ಎದುರುಬದುರು ಕೂತರು. ಪಿನ್ನಣ್ಣ ತುಂಬಾ ಹೊತ್ತು ಬೇಳೆಯನ್ನು ಅನ್ನಕ್ಕೆ ಕಲಸುತ್ತಲೇ ಇದ್ದ. ಆಮೇಲೆ ಒಂದು ತುತ್ತು ಬಾಯಿಗಿಟ್ಟ. ಅಗಿದ. ನುಂಗಿದ. ನಾನು ಟ್ಯಾಬಿನಲ್ಲಿ ಐದು ಎಂದು ಒತ್ತಿದೆ.

ಎರಡನೇ ತುತ್ತಿಗೆ ಪಿನ್ನಣ್ಣ ಎಂದಿನ ಪಿನ್ನಣ್ಣನಾದ. "ಅತ್ತಿಗೆ, ಉಪ್ಪು ಹಾಕೋದೇ ಮರೆತಿದ್ದೀರಾ?"

ಅತ್ತಿಗೆ ಗಂಡನ ಮುಖ ನೋಡಿದಳು. ಅಣ್ಣ ತಟ್ಟೆಯಿಂದ ತಲೆ ಎತ್ತದೆ ತಾನೇ ಹೇಳಿದ.

"ಡಾಕ್ಟರು ನನಗೆ ಉಪ್ಪು ಬಿಡಿಸಿದ್ದಾರೆ. ಕಿಡ್ನಿ. ಮೂರು ವರ್ಷ ಆಯ್ತು. ಇವಳೂ ಮಕ್ಕಳೂ ಹಾಗೇ ಉಣ್ತಾರೆ ನನ್ನ ಜೊತೆ."

ಪಿನ್ನಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಎರಡೇ ಬೀದಿ ಆಚೆ ಇದ್ದವನು ಅವನು. ಅಣ್ಣನ ಊದಿದ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ, ನೋಡಲಾರದೆ ಕಣ್ಣು ತಗ್ಗಿಸಿದ.

ಚಿಕ್ಕ ಹುಡುಗಿ ಎದ್ದು ಉಪ್ಪಿನ ಡಬ್ಬಿ ತಂದು ಅವನ ಮುಂದಿಟ್ಟಳು. "ನೀವು ಹಾಕ್ಕೊಳ್ಳಿ ಚಿಕ್ಕಪ್ಪ, ನೆಂಟರಿಗೆ ಇಟ್ಟಿರ್ತೀವಿ" ಅಂದಳು.

ಪಿನ್ನಣ್ಣ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯಲ್ಲಿದ್ದುದನ್ನೆಲ್ಲ ಹಾಗೇ ಉಂಡ. ಮುಗಿದ ಮೇಲೆ ಇನ್ನೊಂದು ಸಲ ಬಡಿಸಿ ಅಂದ.